ಜಮಖಂಡಿಗೆ ಕಂಡ ಹಳದಿ ಗೆರೆ

ಉರಿಯುವ ಒಲೆಗೆ ಚಿಟಿಕೆ ಉಪ್ಪು ಎರಚಿದರೆ ಜ್ವಾಲೆ ಹಳದಿಗೆ ತಿರುಗುತ್ತದೆ. ಉಪ್ಪಿನಲ್ಲಿರುವ ಸೋಡಿಯಂ ಕೊಡುವ ಬಣ್ಣವದು. ಸೋಡಿಯಂ ಆವಿಯ ಬೆಳಕನ್ನು ಪಟ್ಟಕದ ಮೂಲಕ ಹಾಯಿಸಿದರೆ ಕಾಮನಬಿಲ್ಲು ಮೂಡುವುದಿಲ್ಲ. ಕತ್ತಲ ನಡುವೆ ಎರಡು ಹಳದಿ ಗೆರೆಗಳು ಅಕ್ಕಪಕ್ಕದಲ್ಲಿ ಎದ್ದು ಕಾಣುತ್ತವೆ.

ಕಾಯಿಸಿದಾಗಲೋ ವಿದ್ಯುತ್ ಹಾಯಿಸಿದಾಗಲೋ ಹೊಳೆಯುವ ಪ್ರತಿಯೊಂದು ಅನಿಲಕ್ಕೂ ಇಂಥ ಗೆರೆಗಳ ರೋಹಿತವಿದೆ. ಪರಮಾಣುವಿನ ಎಲೆಕ್ಟ್ರಾನು ಶಕ್ತಿ ಪಡೆದು ಮೇಲಿನ ಮಟ್ಟಕ್ಕೇರುತ್ತದೆ. ಕೆಳಗಿಳಿಯುವಾಗ ಆ ಮಟ್ಟಗಳ ಅಂತರಕ್ಕೆ ತಕ್ಕ ಬಣ್ಣದ ಬೆಳಕನ್ನಷ್ಟೇ ಹೊರಸೂಸುತ್ತದೆ. ಒಂದು ಧಾತುವಿನ ಮಟ್ಟಗಳು ಇನ್ನೊಂದಕ್ಕಿಲ್ಲ. ಹಾಗಾಗಿ ಗೆರೆಗಳು ಧಾತುವಿನ ಹೆಬ್ಬೆಟ್ಟಿನ ಗುರುತಿದ್ದಂತೆ. ಕಾರಣ ತಿಳಿಯುವ ಮೊದಲೇ, 1859-60ರಲ್ಲಿ, ಈ ಗುರುತನ್ನು ಓದುವ ವಿಧಾನವನ್ನು ಜರ್ಮನಿಯ ಬುನ್ಸೆನ್ ಮತ್ತು ಕಿರ್ಕಾಫ್ ರೂಪಿಸಿದ್ದರು.

1868ರ ಆಗಸ್ಟ್ 18ರಂದು ಖಗ್ರಾಸ ಸೂರ್ಯಗ್ರಹಣದ ನೆರಳು ದಕ್ಷಿಣ ಭಾರತವನ್ನು ಹಾದುಹೋಯಿತು. ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್ ರೋಹಿತದರ್ಶಕ ಹಿಡಿದು ಕಾದಿದ್ದರೆ, ಇಂದಿನ ಬಾಗಲಕೋಟೆ ಜಿಲ್ಲೆಯ ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಕಾದಿದ್ದರು. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲರ ಮೊಮ್ಮಗ ಇವರು. ಮೋಡಗಳು ಕಾಡಿದವು. ಆದರೂ ಮೋಡದ ಸಂದಿಯಲ್ಲಿ, ಸೂರ್ಯನ ಅಂಚಿನಿಂದ ಚಾಚಿದ ಜ್ವಾಲೆಯ ಬೆಳಕು ಕೆಂಪು, ಕಿತ್ತಳೆ, ನೀಲಿ ಗೆರೆಗಳಾಗಿ ಒಡೆದು ಕಂಡಿತು. ಆ ಜ್ವಾಲೆಗಳು ಹೊಳೆಯುವ ಅನಿಲವೆಂಬುದು ಅಂದೇ ಖಚಿತವಾಯಿತು. ಕೆಂಪು, ನೀಲಿ ಜಲಜನಕದವು. ನಡುವಿನ ಗೆರೆಯನ್ನು ಸೋಡಿಯಂನದೆಂದೇ ಹರ್ಷೆಲ್ ಎಣಿಸಿದರು.

ಹೀಲಿಯಂ ಅನ್ನು ಗುಂಟೂರಿನಲ್ಲಿ ಜಾನ್ಸೆನ್ ಕಂಡುಹಿಡಿದರೆಂದು ಹಲವು ಪುಸ್ತಕಗಳು ಹೇಳುತ್ತವೆ. ನಿಜವಾಗಿ ಅವರ ಸಾಧನೆ ಬೇರೆ: ಗ್ರಹಣವಿಲ್ಲದ ದಿನವೂ ಆ ಗೆರೆಗಳನ್ನು ನೋಡಬಹುದೆಂದು ಅವರು ಮರುದಿನವೇ ತೋರಿಸಿದರು. ಅದೇ ವಿಧಾನವನ್ನು ಸ್ವತಂತ್ರವಾಗಿ ಕಂಡುಕೊಂಡ ಇಂಗ್ಲೆಂಡಿನ ಲಾಕಿಯರ್, ಅಕ್ಟೋಬರ್ 20ರಿಂದ ಗೆರೆಗಳನ್ನು ಬಿಡುವಾಗಿ ಅಳೆದರು. ಹಳದಿ ಗೆರೆ ಸೋಡಿಯಂನ ಜೋಡಿಗೆರೆಗಳ ಮೇಲೆ ಕೂರಲಿಲ್ಲ, ತುಸು ಪಕ್ಕಕ್ಕಿತ್ತು. ಭೂಮಿಯ ಯಾವ ವಸ್ತುವಿಗೂ ಅದು ಹೊಂದಲಿಲ್ಲ. ಲಾಕಿಯರ್ ಸೂರ್ಯನ ಗ್ರೀಕ್ ಹೆಸರಿನಿಂದ ಅದಕ್ಕೆ ಹೀಲಿಯಂ ಎಂದು ಹೆಸರಿಟ್ಟರು. ಒಂದೇ ಗೆರೆಯನ್ನು ನಂಬಿ ಹೊಸ ಧಾತುವನ್ನು ಒಪ್ಪಲು ಅನೇಕರು ಸಿದ್ಧರಿರಲಿಲ್ಲ.

1895ರಲ್ಲಿ ಲಂಡನ್ನಿನ ವಿಲಿಯಂ ರಾಮ್ಸೆ, ಕ್ಲೀವೈಟ್ ಎಂಬ ಯುರೇನಿಯಂ ಖನಿಜವನ್ನು ಆಮ್ಲದಲ್ಲಿ ಕಾಯಿಸಿ ಹೊರಬಂದ ಅನಿಲವನ್ನು ಗಾಜಿನ ಕೊಳವೆಯಲ್ಲಿ ತುಂಬಿ ವಿದ್ಯುತ್ ಹಾಯಿಸಿದರು. ಅದೇ ಹಳದಿ ಗೆರೆ! ಸಂದೇಹ ಕಳೆಯಿತು.

ಸೋಡಿಯಂನ ಹತ್ತಿರದ ಗೆರೆಗೂ ಹೀಲಿಯಂ ಗೆರೆಗೂ ಇರುವ ಅಂತರ ಸುಮಾರು 1.4 ನ್ಯಾನೊಮೀಟರ್. ಜಮಖಂಡಿಯಲ್ಲಿ ಕಣ್ಣಿಗೆ ಬಿದ್ದೂ ಗುರುತು ಸಿಗದೆ ಹೋದ ಧಾತು ಅಷ್ಟು ಕಿರಿದಾದ ಎಡೆಯಲ್ಲಿತ್ತು. ಅಳೆಯುವ ತಾಳ್ಮೆಗೆ ಅದು ಸಿಕ್ಕಿತು.