ಕೂಸು ತಾನಾಗಿ ನಿದ್ದೆ ಹೋಗಲಿ

"ಕೂಸು ಮಲಗೈತೇನವ್ವಾ?" ಎಳೆಮಗುವಿರುವ ಮನೆಗೆ ಬಂದವರು ಮೊದಲು ಕೇಳುವ ಮಾತಿದು. ತಾಯಿ ಮಲಗಿದಳೇ ಎಂದು ಕೇಳುವವರು ಕಡಿಮೆ.

ಹಿರಿಯೂರು ತಾಲ್ಲೂಕಿನ ಆದಿವಾಲದಂಥ ಊರಿನಲ್ಲಿ ಮಗುವಿಗೆಂದೇ ಬೇರೆ ಕೋಣೆ ಇರುವ ಮನೆ ಎಷ್ಟಿದ್ದಾವು? ನಡುಮನೆಯಲ್ಲೇ ಎಲ್ಲರ ಹಾಸಿಗೆ, ಮೇಲೆ ಸೀರೆಯ ಜೋಲಿ. ಅಲ್ಲಿ "ಮಗುವಿಗೆ ಒಂಟಿಯಾಗಿ ಮಲಗೋದನ್ನ ಕಲಿಸಿ" ಎಂದರೆ ಅತ್ತೆಯವರು ನಕ್ಕಾರು. ನಕ್ಕರೆ ತಪ್ಪೇನೂ ಇಲ್ಲ. ಆದರೆ ಒಂಟಿಯಾಗಿ ಮಲಗುವುದು ಬೇರೆ, ತಾನಾಗಿ ನಿದ್ದೆ ಹೋಗುವುದು ಬೇರೆ. ನಮಗೆ ಬೇಕಾದದ್ದು ಎರಡನೆಯದು.

ಅದರ ಅಗತ್ಯವೇನು ಎನ್ನುವಿರಾ? ಕಾರ್ಖಾನೆ, ಕಂಪನಿಗಳಲ್ಲಿ ದುಡಿಯುವವರಿಗೆ 2017ರ ತಿದ್ದುಪಡಿಯಿಂದ ಮೊದಲೆರಡು ಹೆರಿಗೆಗೆ 26 ವಾರಗಳ ರಜೆ ಸಿಕ್ಕಿತು. ಹೊಲದ ಕೂಲಿಗೆ ಹೋಗುವವಳಿಗೆ ಅದೂ ಇಲ್ಲ. ರಾತ್ರಿ ಐದಾರು ಸಲ ಎದ್ದು ತೂಗಿ, ಬೆಳಗ್ಗೆ ಕೆಲಸಕ್ಕೆ ಹೊರಡುವ ದೇಹ ಎಷ್ಟು ದಿನ ತಡೆದೀತು?

ನಿದ್ದೆಯ ಗುಟ್ಟು

ಹುಟ್ಟಿದ ಮೂರು ತಿಂಗಳವರೆಗೆ ಕೂಸಿಗೆ ದಿನಕ್ಕೆ 14ರಿಂದ 17 ಗಂಟೆ ನಿದ್ದೆ ಬೇಕು. ನಾಲ್ಕು ತಿಂಗಳಿಂದ ವರ್ಷದವರೆಗೆ ಹಗಲಿನದೂ ಸೇರಿ 12ರಿಂದ 16 ಗಂಟೆ. ಎಳೆಗೂಸಿಗೆ ಹಗಲು–ರಾತ್ರಿಯ ಭೇದ ತಿಳಿಯದು. ಆ ಭೇದ ಮೂಡಲು ಸುಮಾರು ಮೂರು ತಿಂಗಳು ಹಿಡಿಯುತ್ತದೆ. ಹಸಿದಾಗಲೆಲ್ಲ ಎದೆಹಾಲು ಕೊಡಬೇಕಾದ ಆ ದಿನಗಳಲ್ಲಿ ಅಭ್ಯಾಸ ಮಾಡಿಸುವ ಗೋಜು ಬೇಡ.

ಮಗುವಿನ ನಿದ್ದೆಯ ಒಂದು ಸುತ್ತು ಒಂದು ಗಂಟೆಗಿಂತ ಹೆಚ್ಚಿಲ್ಲ. ಸುತ್ತಿನ ಕೊನೆಗೆ ಅರೆ ಎಚ್ಚರವಾಗುವುದು ಸಹಜ. ತೂಗುವಾಗಲೇ ನಿದ್ದೆ ಹೋದ ಕೂಸು, ಎಚ್ಚರವಾದಾಗಲೂ ತೂಗುವ ಕೈಯನ್ನೇ ಹುಡುಕುತ್ತದೆ. ಸಿಗದಿದ್ದರೆ ಅಳು!

ಅಭ್ಯಾಸ ಹೀಗೆ

ಆರು ತಿಂಗಳು ತುಂಬಿ, ಮಗು ಚೆನ್ನಾಗಿ ತೂಕ ಏರುತ್ತಿದ್ದರೆ ಶುರು ಮಾಡಬಹುದು.

1. ಹಗಲು ಮನೆ ಬೆಳಕಾಗಿರಲಿ. ಸಂಜೆಯಾದ ಮೇಲೆ ದೀಪ ಮಂದ, ಟಿ.ವಿ., ಮೊಬೈಲು ದೂರ.

2. ದಿನವೂ ಒಂದೇ ಹೊತ್ತು, ಒಂದೇ ಕ್ರಮ: ಮೈ ಒರೆಸುವುದು, ಹಾಲು, ಒಂದು ಜೋಗುಳ, ಹಾಸಿಗೆ.

3. ಹಾಲು ಕುಡಿಯುತ್ತಲೇ ನಿದ್ದೆ ಹೋಗಲು ಬಿಡಬೇಡಿ. ಕಣ್ಣು ಎಳೆಯುತ್ತಿರುವಾಗಲೇ, ಇನ್ನೂ ಎಚ್ಚರವಿರುವಾಗಲೇ, ಮಲಗಿಸಿ.

4. ಅತ್ತರೆ ಪಕ್ಕದಲ್ಲೇ ಕುಳಿತು ಎದೆಯ ಮೇಲೆ ಕೈಯಿಡಿ, ಮೆಲ್ಲಗೆ ಮಾತಾಡಿಸಿ. ಕೆಲವು ದಿನಗಳ ನಂತರ ಕೈ ತೆಗೆಯಿರಿ, ಆಮೇಲೆ ಸ್ವಲ್ಪ ದೂರ ಸರಿಯಿರಿ.

ನಡುವೆ ಅಜ್ಜಿ "ಕೂಸು ಅಳ್ತೈತೆ, ಎತ್ಕಳೇ" ಎನ್ನುವುದು ಸಹಜ. ಅವರೊಡನೆ ಮೊದಲೇ ಕೂತು ಮಾತಾಡಿ. ನೀವು ಕೆಲಸಕ್ಕೆ ಹೋದಾಗ ಮಲಗಿಸುವವರು ಅವರೇ ತಾನೆ? ಯಜಮಾನರೂ ಒಂದು ಸರದಿ ವಹಿಸಲಿ.

ಅಳುವನ್ನು ಕೆಲವು ನಿಮಿಷ ಬಿಟ್ಟು ಹೋಗಿ ನೋಡುವ ಕ್ರಮವನ್ನು ಅಮೆರಿಕದ ಡಾ. ರಿಚರ್ಡ್ ಫರ್ಬರ್ 1985ರಲ್ಲಿ ಪುಸ್ತಕ ಬರೆದು ಪ್ರಚಾರಕ್ಕೆ ತಂದರು. ಇಂಥ ಕ್ರಮಗಳಿಂದ ಮಕ್ಕಳಿಗೆ ಆರು ವರ್ಷವಾದಾಗ ಕೆಡುಕೇನೂ ಕಾಣಲಿಲ್ಲವೆಂದು 2012ರಲ್ಲಿ ಆಸ್ಟ್ರೇಲಿಯದ ಅಧ್ಯಯನವೊಂದು ಹೇಳಿತು. ವಿಶೇಷ ಲಾಭವೂ ಆ ಹೊತ್ತಿಗೆ ಉಳಿದಿರಲಿಲ್ಲ. ಆದ್ದರಿಂದ ನಿಮ್ಮ ಮನಸ್ಸು ಒಪ್ಪದಿದ್ದರೆ ಬಿಡಿ. ಪಕ್ಕದಲ್ಲಿ ಕೂತು ಕಲಿಸುವುದೂ ಕಲಿಸಿದ ಹಾಗೆಯೇ.

ಜೀವದ ಪ್ರಶ್ನೆ

ಇಲ್ಲಿ ಮಾತ್ರ ಸಡಿಲ ಬಿಡಬೇಡಿ. ಒಂದು ವರ್ಷದವರೆಗೆ ಕೂಸನ್ನು ಅಂಗಾತವೇ ಮಲಗಿಸಿ. ಹಾಸಿಗೆ ಗಟ್ಟಿಯಾಗಿ ಸಮತಟ್ಟಾಗಿರಲಿ. ದಿಂಬು, ದಪ್ಪ ಕೌದಿ ಬೇಡ. ಬಯಲುಸೀಮೆಯ ಬಿಸಿಲುಗಾಲದಲ್ಲಿ ಕುಲಾವಿ ಹಾಕಿ, ಬಿಗಿಯಾಗಿ ಸುತ್ತಿ ಮಲಗಿಸಬೇಡಿ. ಜೋಲಿಯಲ್ಲಿ ಗದ್ದ ಎದೆಗೊತ್ತಿ ಉಸಿರು ಕಟ್ಟುವ ಭಯವಿದೆ. ನಿದ್ದೆ ಹತ್ತಿದ ಮೇಲೆ ಸಮತಟ್ಟು ಜಾಗಕ್ಕೆ ಇಳಿಸಿ. ಮಗು ನಿಮ್ಮ ಕೋಣೆಯಲ್ಲೇ, ಕೈಗೆಟುಕುವಷ್ಟು ಹತ್ತಿರದಲ್ಲಿ, ಆದರೆ ತನ್ನದೇ ಹಾಸಿಗೆಯಲ್ಲಿರಲಿ. ಕುಡಿದವರ, ಬೀಡಿ–ಸಿಗರೇಟು ಸೇದುವವರ ಪಕ್ಕದಲ್ಲಂತೂ ಮಲಗಿಸಲೇಬೇಡಿ.

ನಿದ್ದೆ ಬರಲೆಂದು ಜಾಯಿಕಾಯಿ ತೇದು ನೆಕ್ಕಿಸುವುದು, ಕೆಮ್ಮಿನ ಔಷಧಿ ಕುಡಿಸುವುದು ಅಪಾಯ. ವರ್ಷ ತುಂಬುವವರೆಗೆ ಜೇನುತುಪ್ಪವೂ ಕೂಡದು.

ಹಾಲು ಬಿಟ್ಟು ಒಂದೇ ಸಮನೆ ಅತ್ತರೆ, ಜ್ವರವಿದ್ದರೆ, ಉಸಿರಾಟದಲ್ಲಿ ಏರುಪೇರಾದರೆ ಅದು ಹಟವಲ್ಲ. ತಡಮಾಡದೆ ವೈದ್ಯರಿಗೆ ತೋರಿಸಿ.

ಕಡೆಯದಾಗಿ ನಿಮ್ಮ ಮಾತು. ಕೂಸು ಮಲಗಿದರೂ ನಿಮಗೆ ನಿದ್ದೆ ಹತ್ತದಿದ್ದರೆ, ಎರಡು ವಾರ ಕಳೆದರೂ ಸುಮ್ಮಸುಮ್ಮನೆ ಅಳು ಬರುತ್ತಿದ್ದರೆ, ಬಾಣಂತಿತನವೆಂದು ನುಂಗಿಕೊಳ್ಳಬೇಡಿ. ಅದು ವಾಸಿಯಾಗುವ ಕಾಯಿಲೆ. ಆಶಾ ಕಾರ್ಯಕರ್ತೆಗೋ ವೈದ್ಯರಿಗೋ ಬಾಯಿಬಿಟ್ಟು ಹೇಳಿ. ಮಧ್ಯಾಹ್ನ ಕೂಸು ಮಲಗಿದಾಗ ಪಾತ್ರೆಗಳು ಹಾಗೇ ಇರಲಿ, ನೀವೂ ಒಂದು ಗಳಿಗೆ ಮಲಗಿ.