ಕಡಲ ನೀರು ಸಿಹಿಯಾದೀತು, ಕರೆಂಟಿನ ಲೆಕ್ಕ ಹಾಕಿ ನೋಡಿ



ಮಳೆ ಕೈಕೊಟ್ಟ ವರ್ಷ ಅರಳಿಕಟ್ಟೆಯ ಮೇಲೆ ಒಂದು ಮಾತು ಬಂದೇ ಬರುತ್ತದೆ: ‘ಸಮುದ್ರದ ತುಂಬ ನೀರಿದೆಯಲ್ಲ, ಅದನ್ನೇ ಸಿಹಿ ಮಾಡಿ ಹೊಲಕ್ಕೆ ಏಕೆ ಹರಿಸಬಾರದು?’ ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ಚೆನ್ನೈ ನಗರದ ಬಳಿ ಮಿಂಜೂರಿನಲ್ಲಿ 2010ರಲ್ಲಿ, ನೆಮ್ಮೇಲಿಯಲ್ಲಿ 2013ರಲ್ಲಿ ಇಂಥ ಸ್ಥಾವರಗಳು ಆರಂಭವಾದವು. ದಿನಕ್ಕೆ ತಲಾ 10 ಕೋಟಿ ಲೀಟರು ಸಿಹಿನೀರು ಕೊಡುವಂತೆ ಅವನ್ನು ಕಟ್ಟಲಾಗಿದೆ. ಆದರೆ ಆ ನೀರು ಹೊಲಕ್ಕೆ ಕಟ್ಟುವುದೇ ಎಂಬುದನ್ನು ಲೆಕ್ಕ ಹಾಕಿಯೇ ಹೇಳಬೇಕು.

ಉಪ್ಪನ್ನು ಬೇರೆ ಮಾಡುವ ಬಗೆ

ಒಂದು ಲೀಟರು ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ಇದನ್ನು ತೆಗೆಯಲು ಮುಖ್ಯವಾಗಿ ಎರಡು ದಾರಿಗಳಿವೆ.

ಮೊದಲನೆಯದು ನೀರನ್ನು ಕಾಯಿಸಿ, ಆವಿಯನ್ನು ತಣಿಸಿ ಹಿಡಿಯುವುದು. ಹಂಡೆಯಲ್ಲಿ ಕುದಿಸಿದಂತೆ ಒಂದೇ ಸಲಕ್ಕೆ ಮಾಡಿದರೆ 1000 ಲೀಟರಿಗೆ ಸುಮಾರು 700 ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖ ಬೇಕು. ಆದ್ದರಿಂದಲೇ ಕೊಲ್ಲಿ ರಾಷ್ಟ್ರಗಳ ಸ್ಥಾವರಗಳಲ್ಲಿ ಒಂದೇ ಶಾಖವನ್ನು ಹಲವು ಹಂತಗಳಲ್ಲಿ ಮತ್ತೆ ಮತ್ತೆ ಬಳಸುತ್ತಾರೆ.

ಎರಡನೆಯದು ಒತ್ತಡದ ವಿಧಾನ. ಉಪ್ಪಿನಕಾಯಿಗೆಂದು ಮಾವಿನ ಹೋಳುಗಳಿಗೆ ಉಪ್ಪು ಬೆರೆಸಿಟ್ಟರೆ ಹೋಳು ನೀರು ಬಿಡುವುದನ್ನು ನೀವು ಬಲ್ಲಿರಿ. ಉಪ್ಪು ನೀರನ್ನು ತನ್ನತ್ತ ಎಳೆಯುತ್ತದೆ. ಇದನ್ನು ಹಿಂದುಮುಂದಾಗಿಸಬೇಕಾದರೆ ಉಪ್ಪುನೀರನ್ನು ತೆಳುವಾದ ಪೊರೆಯೊಂದರ ಮೂಲಕ ಬಲವಾಗಿ ಒತ್ತಬೇಕು. ನೀರು ಆಚೆ ದಾಟುತ್ತದೆ, ಉಪ್ಪಿನ ಬಹುಪಾಲು ಈಚೆ ಉಳಿಯುತ್ತದೆ. ನಿಮ್ಮೂರಿನ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ‘ಆರ್.ಓ.’ ಯಂತ್ರವಿದ್ದರೆ ಅದು ನಡೆಯುವುದೂ ಇದೇ ತತ್ತ್ವದ ಮೇಲೆ. ಕೊಳವೆಬಾವಿಯ ನೀರಿನಲ್ಲಿ ಉಪ್ಪು ಕಡಿಮೆ, ಹಾಗಾಗಿ ಒತ್ತಡವೂ ಕಡಿಮೆ ಸಾಕು. ಕಡಲ ನೀರಿಗಾದರೋ ಚದರ ಸೆಂಟಿಮೀಟರಿಗೆ 55ರಿಂದ 70 ಕಿಲೋ ಒತ್ತಡ ಬೇಕು. ಎಂದರೆ ನೀರನ್ನು ಸುಮಾರು 2000 ಅಡಿ ಎತ್ತರಕ್ಕೆ ಏರಿಸುವಷ್ಟು ಬಲ!

ಕರೆಂಟು ಎಷ್ಟು?

ಇಂದಿನ ಒಳ್ಳೆಯ ಸ್ಥಾವರಗಳಲ್ಲಿ 1000 ಲೀಟರು ಸಿಹಿನೀರಿಗೆ 3ರಿಂದ 4 ಯೂನಿಟ್ ಖರ್ಚಾಗುತ್ತದೆ. 1970ರ ದಶಕದಲ್ಲಿ ಇದು 10 ಯೂನಿಟ್ಟಿಗೂ ಹೆಚ್ಚಿತ್ತು. ಹೊರಬೀಳುವ ಉಪ್ಪುನೀರಿನಲ್ಲಿ ಉಳಿದ ಒತ್ತಡವನ್ನು ಮರಳಿ ಬಳಸುವ ಯಂತ್ರಗಳು ಬಂದದ್ದರಿಂದ ಬಹಳಷ್ಟು ಉಳಿತಾಯವಾಯಿತು. ಇನ್ನು ಎಷ್ಟು ಸುಧಾರಿಸಿದರೂ ಸುಮಾರು 1 ಯೂನಿಟ್ಟಿಗಿಂತ ಕೆಳಗಿಳಿಯುವಂತಿಲ್ಲ. ನೀರಿನ ಅರ್ಧ ಪಾಲನ್ನು ಸಿಹಿ ಮಾಡಿ ತೆಗೆಯಬೇಕಾದರೆ ಪ್ರಕೃತಿಯ ನಿಯಮವೇ ಅಷ್ಟನ್ನು ಕೇಳುತ್ತದೆ. ಹೋಲಿಕೆಗೆ ನೋಡಿ: 300 ಅಡಿ ಆಳದಿಂದ ಅಷ್ಟೇ ನೀರೆತ್ತಲು ಸಾಧಾರಣ ಪಂಪಿಗೆ ಸುಮಾರು ಅರ್ಧ ಯೂನಿಟ್ ಸಾಕು.

ಈಗ ಹೊಲದ ಲೆಕ್ಕಕ್ಕೆ ಬನ್ನಿ. ಒಂದು ಎಕರೆಗೆ ಒಂದು ಅಂಗುಲ ನೀರು ಎಂದರೆ ಒಂದು ಲಕ್ಷ ಲೀಟರಿಗೂ ಸ್ವಲ್ಪ ಹೆಚ್ಚು. ಕಡಲ ನೀರಾದರೆ ಇದಕ್ಕೆ 300ರಿಂದ 400 ಯೂನಿಟ್. ಭತ್ತದ ಒಂದು ಬೆಳೆಗೆ 1200 ಮಿಲಿಮೀಟರ್ ನೀರು ಬೇಕೆಂದು ಹಿಡಿಯಿರಿ; ಎಕರೆಗೆ ಸುಮಾರು 48 ಲಕ್ಷ ಲೀಟರಾಯಿತು. 1000 ಲೀಟರಿಗೆ 3 ಯೂನಿಟ್ ಎಂದರೂ ವಿದ್ಯುತ್ತು 14 ಸಾವಿರ ಯೂನಿಟ್ ಮೀರುತ್ತದೆ. ಸ್ಥಾವರದ ಬಂಡವಾಳ, ಪೊರೆ ಬದಲಿಸುವ ವೆಚ್ಚ, ಕರಾವಳಿಯಿಂದ ಘಟ್ಟದ ಮೇಲಕ್ಕೆ ನೀರೇರಿಸುವ ಖರ್ಚು ಇದರಲ್ಲಿ ಸೇರಿಲ್ಲ. ಮಿಂಜೂರಿನಂಥ ದೊಡ್ಡ ಸ್ಥಾವರದ ಇಡೀ ದಿನದ ನೀರನ್ನು ಹೊಲಕ್ಕೆ ಬಿಟ್ಟರೂ ಒಂದು ಅಂಗುಲದಂತೆ ಸಾವಿರ ಎಕರೆ ತುಂಬ ನೆನೆಯದು.

ಬೇರೆ ತೊಡಕುಗಳು

ಒಳಬಂದ ನೀರಿನಲ್ಲಿ ಅರ್ಧಕ್ಕೂ ಹೆಚ್ಚು ಪಾಲು, ಮೊದಲಿಗಿಂತ ಹೆಚ್ಚು ಉಪ್ಪಾಗಿ ಕಡಲಿಗೇ ಮರಳುತ್ತದೆ. ಅದನ್ನು ಚದುರಿಸಿ ಬಿಡದಿದ್ದರೆ ಕಡಲಜೀವಿಗಳಿಗೆ ಹಾನಿ. ಸಿಹಿಯಾದ ನೀರಿಗೂ ಆರೈಕೆ ಬೇಕು. ಇಸ್ರೇಲಿನ ಅಶ್ಕೆಲೋನ್ ಸ್ಥಾವರ 2005ರಲ್ಲಿ ಆರಂಭವಾದ ಮೇಲೆ ಆ ನೀರು ಹಾಯಿಸಿದ ಟೊಮ್ಯಾಟೊ ಮತ್ತು ಕೆಲವು ಹೂಬೆಳೆಗಳಲ್ಲಿ ಮೆಗ್ನೀಸಿಯಂ ಕೊರತೆ ಕಾಣಿಸಿತು. ಅದನ್ನು ಗೊಬ್ಬರದ ರೂಪದಲ್ಲಿ ಕೊಡಬೇಕಾಯಿತು. ಕಡಲ ನೀರಿನ ಬೋರಾನ್ ಪೊರೆಯನ್ನು ಸ್ವಲ್ಪಮಟ್ಟಿಗೆ ದಾಟುವುದರಿಂದ ನಿಂಬೆ, ಕಿತ್ತಳೆ ಗಿಡಗಳ ವಿಷಯದಲ್ಲಿ ಎಚ್ಚರ ಬೇಕು.

ಹಾಗೆಂದು ಈ ವಿದ್ಯೆಯನ್ನು ಹಳಿಯಬೇಕಾಗಿಲ್ಲ. ಕರಾವಳಿ ನಗರಗಳ ಬಾಯಾರಿಕೆಗೆ ಇದು ನೆರವಾಗುತ್ತದೆ. ಸ್ಪೇನಿನ ಅಲ್ಮೇರಿಯಾದಲ್ಲಿ ಹಸಿರುಮನೆಯ ತರಕಾರಿಗೂ ಬಳಸುತ್ತಾರೆ. ಒಳ್ಳೆಯ ಬೆಲೆ ಸಿಗುವ ಬೆಳೆಗೆ ಅದು ಕಟ್ಟೀತು. ಭತ್ತ, ರಾಗಿ, ಜೋಳಕ್ಕೆ ಕಟ್ಟದು.

ಕಡಲ ನೀರನ್ನು ಸೂರ್ಯ ಬಿಟ್ಟಿಯಾಗಿ ಆವಿ ಮಾಡಿ, ಉಪ್ಪನ್ನು ಅಲ್ಲೇ ಬಿಟ್ಟು, ಮೋಡದಲ್ಲಿ ನಿಮ್ಮ ಹೊಲದವರೆಗೆ ಕಳಿಸುತ್ತಾನೆ. ಒಂದು ಎಕರೆಯ ಮೇಲೆ ಬಿದ್ದ ಒಂದು ಅಂಗುಲ ಮಳೆ ಹಳ್ಳ ಸೇರಿದರೆ, ಸ್ಥಾವರದ ಲೆಕ್ಕದಲ್ಲಿ 300 ಯೂನಿಟ್ಟಿಗೂ ಹೆಚ್ಚು ಬೆಲೆಯ ನೀರನ್ನು ನೀವು ಕಳೆದುಕೊಂಡಂತೆ. ಬರುವ ಮುಂಗಾರಿಗೆ ಮುನ್ನ ಒಡೆದ ಬದು ಕಟ್ಟಿರಿ, ಇಳಿಜಾರಿಗೆ ಅಡ್ಡಲಾಗಿ ಉಳಿರಿ, ಕೃಷಿ ಹೊಂಡದ ಹೂಳೆತ್ತಿರಿ.