ಶಾಲೆಯ ಶಿಲಾನ್ಯಾಸವೂ ಅಧ್ಯಾಪಕರ ಸಂಬಳವೂ

ಶಾಲೆಯ ಕಟ್ಟಡಕ್ಕೆ ದಾನಿಗಳು ದೊರೆಯುತ್ತಾರೆ. ಅಧ್ಯಾಪಕರ ತಿಂಗಳ ಸಂಬಳಕ್ಕೆ ದೊರೆಯುವುದು ದುರ್ಲಭ. ಅಮೃತಶಿಲೆಯ ಮೇಲೆ ಹೆಸರು ಕೆತ್ತಿಸಬಹುದು, ಸೀಮೆಸುಣ್ಣದ ಮೇಲೆ ಸಾಧ್ಯವಿಲ್ಲವಷ್ಟೆ! ಬಡಮಕ್ಕಳಿಗಾಗಿ ಖಾಸಗಿ ಶಾಲೆ ತೆರೆದವರು ಆರಂಭದ ನಿಧಿ ಕರಗಿದೊಡನೆ ಶುಲ್ಕವನ್ನು ಏರಿಸಬೇಕಾಗುತ್ತದೆ. ಆಗ ಯಾರಿಗಾಗಿ ಶಾಲೆ ಹುಟ್ಟಿತೋ ಅವರೇ ಹೊರಗುಳಿಯುತ್ತಾರೆ.

ಈ ತೊಡಕಿಗೆ ಅಮೆರಿಕದ ಷಿಕಾಗೋ ನಗರದಲ್ಲಿ ಕಂಡುಕೊಂಡ ಉಪಾಯ ವಿಚಾರಾರ್ಹವಾಗಿದೆ. ಅಲ್ಲಿನ ಪಿಲ್ಸೆನ್ ಬಡಾವಣೆಯು ಮೆಕ್ಸಿಕೋದಿಂದ ವಲಸೆ ಬಂದ ಶ್ರಮಜೀವಿಗಳ ನೆಲೆಯಾಗಿತ್ತು. ಜೆಸ್ವಿಟ್ ಪಾದ್ರಿಗಳು 1996ರಲ್ಲಿ ಅಲ್ಲಿ ಕ್ರಿಸ್ಟೋ ರೇ ಎಂಬ ಪ್ರೌಢಶಾಲೆಯನ್ನು ತೆರೆದರು. ಅಲ್ಲಿನ ಪ್ರತಿಯೊಬ್ಬ ವಿದ್ಯಾರ್ಥಿಯೂ ತಿಂಗಳಿಗೆ ಐದು ದಿನ ಬ್ಯಾಂಕು, ವಕೀಲರ ಕಚೇರಿ, ಆಸ್ಪತ್ರೆ ಮುಂತಾದೆಡೆ ಕಿರಿಯ ಗುಮಾಸ್ತಿಕೆ ಮಾಡಬೇಕು. ಒಂದು ಹುದ್ದೆಯನ್ನು ನಾಲ್ವರು ಸರದಿಯಂತೆ ಹಂಚಿಕೊಳ್ಳುವುದರಿಂದ ಕಚೇರಿಯ ಕೆಲಸ ನಿಲ್ಲದು. ಸಂಬಳವು ವಿದ್ಯಾರ್ಥಿಯ ಕೈಸೇರದೆ ಶಾಲೆಗೇ ಸಂದಾಯವಾಗುತ್ತದೆ. ಶಾಲೆಯ ವೆಚ್ಚದ ದೊಡ್ಡ ಪಾಲು ಹೀಗೆ ದೊರೆಯುತ್ತದೆ. ಮನೆಯವರು ಶಕ್ತ್ಯನುಸಾರ ಅಲ್ಪ ಶುಲ್ಕ ತೆರುತ್ತಾರೆ. ಉಳಿದ ಕೊರತೆಗೆ ಮಾತ್ರ ದೇಣಿಗೆ. ತಪ್ಪಿದ ಪಾಠಗಳಿಗಾಗಿ ಉಳಿದ ದಿನಗಳ ಶಾಲಾವೇಳೆಯನ್ನು ಹಿಗ್ಗಿಸಲಾಗುತ್ತದೆ.

ದುಡಿಮೆ ಮತ್ತು ಓದಿನ ಈ ನಂಟು ಮುಂಬಯಿ ಕನ್ನಡಿಗರಿಗೆ ಹೊಸತೇನಲ್ಲ. ದಕ್ಷಿಣ ಕನ್ನಡದಿಂದ ಬಂದ ಎಷ್ಟೋ ಹುಡುಗರು ಹಗಲೆಲ್ಲ ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದು ಕನ್ನಡ ರಾತ್ರಿಶಾಲೆಗಳಲ್ಲಿ ಕಲಿತರು. ಆದರೆ ವ್ಯತ್ಯಾಸವೂ ಚಿಕ್ಕದಲ್ಲ. ರಾತ್ರಿಶಾಲೆಯ ಹುಡುಗನು ದಣಿದ ಮೈ, ತೂಗುವ ಕಣ್ಣುಗಳೊಡನೆ ಪುಸ್ತಕ ತೆರೆಯುತ್ತಿದ್ದನು; ಅವನ ಸಂಬಳ ಊರಿನ ಮನೆಯನ್ನು ಸಲಹುತ್ತಿತ್ತು. ಷಿಕಾಗೋದ ವಿದ್ಯಾರ್ಥಿಗೆ ಓದುವ ದಿನ ಬೇರೆ, ದುಡಿಯುವ ದಿನ ಬೇರೆ. ಎಳೆಯರನ್ನು ದುಡಿಸಿ ಶಾಲೆ ನಡೆಸುವುದು ಎಷ್ಟು ಸರಿ ಎಂಬ ಪ್ರಶ್ನೆ ಏಳುವುದು ಸಹಜ. ವಾರದಲ್ಲಿ ಒಂದೆರಡು ದಿನದ ಮಿತಿಯೇ ಇದಕ್ಕೆ ತಕ್ಕಮಟ್ಟಿನ ಸಮಾಧಾನ.

ದಾನದ ಹಣಕ್ಕೆ ಇಲ್ಲಿ ಬೇರೊಂದು ಪಾತ್ರವಿದೆ. ಉದ್ಯಮಗಳಲ್ಲಿ ಬಂಡವಾಳ ಹೂಡುತ್ತಿದ್ದ ಬಿ. ಜೆ. ಕ್ಯಾಸಿನ್ ಎಂಬವರು ಇಂಥ ಶಾಲೆಗಳನ್ನು ಬೇರೆ ನಗರಗಳಲ್ಲಿಯೂ ತೆರೆಯಲು 1 ಕೋಟಿ 20 ಲಕ್ಷ ಡಾಲರುಗಳನ್ನು ನೀಡಿದರು. 2003ರಲ್ಲಿ ಗೇಟ್ಸ್ ಪ್ರತಿಷ್ಠಾನವು ಸುಮಾರು 99 ಲಕ್ಷ ಡಾಲರುಗಳನ್ನು ಕೊಟ್ಟಿತು. ಆ ಹಣವೆಲ್ಲ ಬಿತ್ತನೆಯ ಬೀಜ. ಬೆಳೆಯನ್ನು ಶಾಲೆಯೇ ತೆಗೆಯಬೇಕು. ಕ್ರಿಸ್ಟೋ ರೇ ಮಾದರಿಯ ಶಾಲೆಗಳು ಇಂದು ಸುಮಾರು 40 ಇವೆ.

ಎಲ್ಲೆಡೆಯೂ ಬೀಜ ಮೊಳೆಯಲಿಲ್ಲ. ಒಮಾಹಾ ನಗರದಲ್ಲಿ 2007ರಲ್ಲಿ ತೆರೆದ ಶಾಲೆಯು 2011ರಲ್ಲಿ ಬಾಗಿಲು ಮುಚ್ಚಿತು. ಕಚೇರಿಗಳು ಹುದ್ದೆ ಕೊಡದಿದ್ದರೆ ಈ ಯಂತ್ರದ ಮುಖ್ಯ ಚಕ್ರವೇ ನಿಲ್ಲುತ್ತದೆ. ಆದ್ದರಿಂದಲೇ ಹೊಸ ಶಾಲೆಯನ್ನು ಬಯಸುವ ಊರಿನವರು ಮೊದಲು ಬೀದಿಬೀದಿ ಸುತ್ತಿ, ಎಷ್ಟು ಕುಟುಂಬಗಳು ಮಕ್ಕಳನ್ನು ಕಳುಹಿಸುವುವು, ಎಷ್ಟು ಕಚೇರಿಗಳು ಹುದ್ದೆ ನೀಡುವುವು ಎಂಬುದನ್ನು ಎಣಿಸಿ ತೋರಿಸಬೇಕಾಗುತ್ತದೆ. ಶಿಲಾನ್ಯಾಸದ ಮಾತು ಆಮೇಲಿನದು.